ಅಮಾಸಿ ಬಂತಂದ್ರ ಫೈಲ್ ಕೆಡತಾವ

ದೋಸ್ತರ, ನಂಗ ಕೆಲಸ ಬರತೈತಿ ಅಂತ ಇವತ್ತ ಸಾಬೀತಾತು. ಬೈಲಹೊಂಗಲದಾಗ ನಾ ಕೆಲಸ ಮಾಡೋ ಲಗ್ನಪತ್ರಿಕಿ ಪ್ರೆಸ್ಸಿನ ಲಿನಕ್ಸ್ ಕಂಪ್ಯೂಟರ್‌ದಾಗ ತಿಂಗಳಿಗೊಮ್ಮೆ ಫೈಲೆಲ್ಲಾ ಜೋಡಿಸಿಡೋ ಫೈಲ್‌ಸಿಸ್ಟಮ್ ಕೆಡತಿತ್ತು. ಡಿಸ್ಕ್ ಬದಲಿಸಿದೆ, ಕೇಬಲ್ ಬದಲಿಸಿದೆ, ಎರರ್ ಹೋಗಲಿಲ್ಲ. "ನಿನಗ ಬರೂದಿಲ್ಲ ಬಿಡವಾ, ಬೆಳಗಾವಿಯಿಂದ ಬ್ಯಾರೆಯವ್ರನ್ನ ಕರಸ್ತೇನಿ" ಅಂದಿದ್ರು ಮಾಲಕರು.

ಮುಂಜಾನೆ, ಯಾವಾಗ ಏನಾತು ಅಂತ ಕಂಪ್ಯೂಟರ್ ತಾನ ಬರದಿಡೋ ಲಾಗ್ ತಗದು ಗ್ವಾಡಿ ಕ್ಯಾಲೆಂಡರಿಗೆ ಹೊಂದಿಸಿ ನೋಡಿದೆ. ಕೆಟ್ಟಿದ್ದೆಲ್ಲಾ ಅಮಾಸಿ ದಿನಾನ! ಇವತ್ತೂ ಅಮಾಸಿ. ಅಷ್ಟರಾಗ ಮಾಲಕರು ಪ್ರತಿ ಅಮಾಸಿಗೆ ಮಾಡೋ ಮಷೀನ್ ಪೂಜಿಗೆ ಕಾಯಿ, ಊದಿನಕಡ್ಡಿ ಹಿಡಕೊಂಡು ಬಂದ್ರು. ನೀರು ಚಿಮುಕಿಸಬೇಕಲ್ಲ, ಕರೆಂಟ್ ತಗ್ಯಾಕ ಮೊದಲ ಸೀದಾ ಮೇನ್ ಸ್ವಿಚ್ಚಿಗೆ ಕೈ ಹಾಕಿದ್ರು. ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ನಾ ಅಡ್ಡ ನಿಂತೆ.

"ಪೂಜಿ ನಿಂದರಸ್ತಿ ಏನವಾ?"

"ಪೂಜಿ ಮಾಡ್ರಿ. ಆದ್ರ ಕಂಪ್ಯೂಟರ್ ನಾ ಬಂದ್ ಮಾಡೂತನಾ ಸ್ವಿಚ್ ಮುಟ್ಟಬ್ಯಾಡ್ರಿ. ಚಾಲೂ ಇದ್ದಾಗ ಅದು ಡಿಸ್ಕಿನ್ಯಾಗ ಬರಕೋತ ಇರತೈತಿ, ಬರಿಯೂವಾಗ ಕೈ ಹಿಡದು ಜಗ್ಗಿದ್ರ ಯಾರ ಅಕ್ಷರಾನೂ ಕೆಡತಾವ."

ಬಂದ್ ಮಾಡಿದೆ, ಪೂಜಿ ಆತು, ಮತ್ತ ಚಾಲೂ ಮಾಡಿದೆ. ಒಂದೂ ಎರರ್ ಇಲ್ಲ.

"ನೋಡವಾ, ಈ ಸಲ ಪೂಜಿ ಚೊಲೋ ಆತು, ಅದಕ್ಕ" ಅಂದ್ರು ಮಾಲಕರು.

ಕಾಯಿಯ ಎರಡೂ ಹೋಳು ನಾನ ಮನಿಗೆ ತಂದೇನಿ. ಕೆಲಸ ಬರಲಾರದಾಕಿ ಅನಿಸಿಕೊಂಡಾಕಿಗೆ ಅಷ್ಟರ ಬ್ಯಾಡೇನ್ರಿ?