ದರ ಕೇಳಬಾರದ ಅಂಗಡಿ

ಎಂಬತ್ತರ ದಶಕದ ನಡುವೆ ಐಗಳಿಯಿಂದ ಮದುವೆಯಾಗಿ ಐನಾಪುರದ ಮನೆಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಅಂದರೆ, ಅಥಣಿಯ ಸಂತೆಯಲ್ಲಿ ಬಳೆಗಾರನ ಜೊತೆ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಅತ್ತೆಯ ಅಕ್ಕ ಮಿರಜಿನಿಂದ ಬಂದು ಹಿತ್ತಲಲ್ಲಿ ನಿಂತು ಹುಕುಂ ಕೊಟ್ಟರೆ ತಿಳಿಯುವಷ್ಟು ಬರುತ್ತಿರಲಿಲ್ಲ. ಮೊದಲ ವಾರವೇ ಆ ದೊಡ್ಡತ್ತೆ ಎಮ್ಮೆಯ ಕಡೆ ಕೈ ತೋರಿಸಿ "ಧಾರ ಕಾಢ" ಅಂದರು. ಹಾಲು ಕರೆ ಅಂತ ಅರ್ಥ. ನಾನು ಒಳಗೆ ಓಡಿ ಹೊಲಿಗೆ ಡಬ್ಬಿಯಿಂದ ದಾರದ ಉಂಡೆ ತೆಗೆದುಕೊಂಡು ಬಂದು ಎಮ್ಮೆಯ ಪಕ್ಕ ಭಕ್ತಿಯಿಂದ ನಿಂತೆ. ಅವತ್ತಿನ ನಗು ಗಡಿ ದಾಟಿ ಮಿರಜಿನವರೆಗೂ ಹೋಯಿತು. ಎರಡು ವರ್ಷ ಯಾವ ಮದುವೆಗೆ ಹೋದರೂ ನಾನು 'ದಾರದ ಸೊಸೆ'.

ಅದೇ ವರ್ಷ ಮನೆಗೆ ಇನ್ನೊಂದು ಜೀವ ಬಂತು. ಅದೊಂದು ಡಾಬರ್‌ಮನ್ ನಾಯಿ. ನಮ್ಮದು ಜೋಳ, ಬೆಲ್ಲ, ಅರಿಶಿನದ ವ್ಯಾಪಾರ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಮಾಲು ಇಡುವ ವಖಾರ. ವಖಾರದ ಬೀಗ ಒಮ್ಮೆ ಮುರಿದದ್ದೇ ನೆಪವಾಗಿ, ಹೆಸರು ಕೇಳಿದರೇ ಕಳ್ಳರು ಓಡುವಂಥ ನಾಯಿ ಬೇಕು ಅಂತ ಮಾವನವರು ಹಟ ಹಿಡಿದರು. ಹುಡುಕಿ ಹುಡುಕಿ ಕೊನೆಗೆ ಮಿರಜಿನ ಆಚೆ, ಮಿಲಿಟರಿಯಿಂದ ನಿವೃತ್ತನಾಗಿ ನಾಯಿಗಳಿಗೆ ಪಾಠ ಹೇಳುತ್ತಿದ್ದ ಒಬ್ಬನಿಂದ ಈ ಗಂಡುನಾಯಿಯನ್ನು ಕೊಂಡು ತಂದರು. ಅಲ್ಲಿ ಅವರು ನಾಯಿಯ ಜಾತಿ ಕೇಳಿದರಂತೆ, ಹಲ್ಲು ನೋಡಿದರಂತೆ, ತಂದೆತಾಯಿಯನ್ನೂ ವಿಚಾರಿಸಿದರಂತೆ. ಇದಕ್ಕೆ ಏನು ಪಾಠ ಆಗಿದೆ, ಯಾವ ಮಾತಿನಲ್ಲಿ ಆಗಿದೆ ಎಂದು ಮಾತ್ರ ಕೇಳಲಿಲ್ಲ. ಸೊಸೆ ತರುವಾಗಲೂ ಅಷ್ಟೇ ವಿಚಾರಿಸಿದ್ದರು, ಅದು ಬೇರೆ ಮಾತು.

ಡಾಬರ್‌ಮನ್ ಎಂಬ ಹೆಸರು ನಮ್ಮ ಹಮಾಲರ ಬಾಯಲ್ಲಿ ಎರಡೇ ದಿನಕ್ಕೆ 'ಡಾಂಬರ' ಆಯಿತು. ಮೈಯೂ ರಸ್ತೆಗೆ ಹಾಕುವ ಡಾಂಬರಿನಷ್ಟೇ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು, ಆದ್ದರಿಂದ ಯಾರೂ ತಿದ್ದಲು ಹೋಗಲಿಲ್ಲ. ಆದರೆ ನಾಯಿಗಿಂತ ಮುಂಚೆ ನಾಯಿಯ ಕೀರ್ತಿ ಊರಿಗೆ ಬಂದಿತ್ತು. ಡಾಬರ್‌ಮನ್‌ಗೆ ವಯಸ್ಸಾದಂತೆ ಮೆದುಳು ಬೆಳೆಯುತ್ತದೆಯಂತೆ, ತಲೆಬುರುಡೆ ಬೆಳೆಯುವುದಿಲ್ಲವಂತೆ. ಒಳಗೆ ಜಾಗ ಸಾಲದೆ ಒಂದು ದಿನ ಹುಚ್ಚು ಹಿಡಿದು ಅನ್ನ ಹಾಕಿದವನ ಕತ್ತಿಗೇ ಬಾಯಿ ಹಾಕುತ್ತದೆಯಂತೆ. ಚಿಕ್ಕೋಡಿಯಿಂದ ಬಂದ ನೆಂಟರು ಇದು ನಿಪ್ಪಾಣಿಯ ತಂಬಾಕಿನ ಸಾಹುಕಾರರೊಬ್ಬರ ಮನೆಯಲ್ಲಿ ನಡೆದದ್ದು ಎಂದರು. ನಿಪ್ಪಾಣಿಯವರನ್ನು ಕೇಳಿದರೆ ರಾಯಬಾಗದಲ್ಲಿ ಎಂದರು. ರಾಯಬಾಗದವರು ಅಥಣಿ ಕಡೆ ಕೈ ತೋರಿಸಿದರು. ನನ್ನ ತವರು ಅಥಣಿಯ ಹತ್ತಿರವೇ. ನಾವು ಚಿಕ್ಕವರಿದ್ದಾಗ ಅದನ್ನು ಚಿಕ್ಕೋಡಿಯ ಕಥೆ ಅಂತ ಕೇಳಿದ್ದೆವು. ಸತ್ತ ಆ ಮಾಲೀಕನ ಮನೆ ಯಾವುದೆಂದು ನನಗೆ ಇವತ್ತಿಗೂ ಪತ್ತೆಯಾಗಿಲ್ಲ.

ನಾನೂ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕೆ ಉಣ್ಣಲು ಹಾಕುವ ಕೆಲಸ ಹೊಸ ಸೊಸೆಯ ಪಾಲಿಗೇ ಬಂತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯಬೇಕು, ನಾಯಿಯದೂ ಸೇರಿ. ಮಜ್ಜಿಗೆಯಲ್ಲಿ ಮುರಿದ ಜೋಳದ ರೊಟ್ಟಿಯನ್ನು ಆ ಭಯಂಕರ ಪ್ರಾಣಿ ನೆಲ ಕೂಡ ನೆಕ್ಕಿ ತಿನ್ನುತ್ತಿತ್ತು. ತಿಂದಾದ ಮೇಲೆ ಬಂದು ನನ್ನ ಕಾಲಿನ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಒರಗಿ ನಿಲ್ಲುತ್ತಿತ್ತು. ಯಾರಾದರೂ ಗದರಿದರೆ ನನ್ನ ಸೀರೆಯ ಹಿಂದೆ ಅಡಗುತ್ತಿತ್ತು. ಹಮಾಲರು ಕನ್ನಡದಲ್ಲಿ "ಕುಂಡ್ರಲೇ", "ಬಾರಲೇ" ಎಂದರೆ ಅವರ ಮುಖವನ್ನೇ ನೋಡುತ್ತ, ತಲೆ ಓರೆ ಮಾಡಿ, ಏನೂ ಮಾಡದೆ ನಿಲ್ಲುತ್ತಿತ್ತು. "ದಡ್ಡ ನಾಯಿ" ಎಂದರು ಎಲ್ಲರೂ. ನನಗೆ ಎಮ್ಮೆ ಪಕ್ಕದಲ್ಲಿ ದಾರ ಹಿಡಿದು ನಿಂತ ನನ್ನ ಮುಖ ನೆನಪಾಗಿ ಪಾಪ ಅನ್ನಿಸುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ ವಖಾರದ ಅಂಗಳವೆಲ್ಲ ಕೆಸರಾಯಿತು. ನಾಯಿಯನ್ನು ತಂದು ಅಂಗಡಿಯ ಕಟ್ಟೆಯ ಕಂಬಕ್ಕೆ ಕಟ್ಟಿದರು. ತೊಂದರೆ ಶುರುವಾದದ್ದು ಅಲ್ಲಿಂದ. ವಾರದೊಳಗೆ ಒಬ್ಬ ರೈತನ ಧೋತರದ ಚುಂಗು ಹಿಡಿಯಿತು. ಮತ್ತೊಂದು ದಿನ ಇನ್ನೊಬ್ಬನ ಅಂಗಿಯ ತೋಳು. ಮೂರನೆಯ ಸಲ ಕಾಗವಾಡದ ಕಡೆಯ ಹಿರಿಯ ರೈತರೊಬ್ಬರ ಮುಂಗೈಯನ್ನೇ ಹಿಡಿದುಬಿಟ್ಟಿತು. ಅವರು ಗಾಬರಿಯಾಗಿ ಕೈ ಎಳೆದುಕೊಂಡರು, ಎರಡು ಹಲ್ಲು ಗೀರಿ ರಕ್ತ ಬಂತು.

ಊರಿಗೆ ಅಷ್ಟು ಸಾಕಾಯಿತು. ನಾಯಿಗೆ ಎರಡು ವರ್ಷ ತುಂಬಿದೆ, ಮೆದುಳು ಬೆಳೆದಿದೆ, ಇನ್ನು ಸರದಿ ಮಾವನವರದು ಎಂದು ಕಟ್ಟೆಯ ಮೇಲೆ ಕೂತ ಪ್ರತಿಯೊಬ್ಬನೂ ಡಾಕ್ಟರಾದ. ನಿಜವಾದ ಡಾಕ್ಟರು ಗಾಯ ತೊಳೆದು, ಪಟ್ಟಿ ಕಟ್ಟಿ, ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿರಿ, ಅದು ನೆಟ್ಟಗಿದ್ದರೆ ಇವರಿಗೂ ಭಯವಿಲ್ಲ ಎಂದು ಹೇಳಿ ಕಳಿಸಿದರು. ಆ ರೈತರು ಮನೆಗೆ ಹೋದರು. ನಾಯಿ ಗಿಡ್ಡ ಸರಪಳಿಯಲ್ಲಿ ಮತ್ತೆ ಹಿತ್ತಲಿಗೆ ಹೋಯಿತು. ಹನ್ನೊಂದನೆಯ ದಿನ ಅದನ್ನು ಏನು ಮಾಡುವುದು ಎನ್ನುವುದೇ ಮನೆಯಲ್ಲಿ ಮಾತು.

ನಮ್ಮ ಮಾವನವರು ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವರು. ಕೊಲ್ಲುವ ಮಾತನ್ನು ಯಾರೋ ಎತ್ತಿದ್ದಕ್ಕೇ ಕಿವಿ ಮುಚ್ಚಿಕೊಂಡರು. "ನಮ್ಮ ಕೈಲೆ ಜೀವ ಹೋಗೂದು ಬ್ಯಾಡ. ಜುಗೂಳಕ್ಕ ಒಯ್ದು ನಾವ್ಯಾಗ ಹಾಕ್ಕೊಂಡು ಕೃಷ್ಣಾ ಹೊಳೀ ಆಚೀಗೆ ಬಿಟ್ ಬರೂನು. ಅದರ ದೈವ ಇದ್ದಂಗ ಆಗತೈತಿ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮಜ್ಜಿಗೆ ರೊಟ್ಟಿ ಬಿಟ್ಟು ಬೇರೆ ಗೊತ್ತಿಲ್ಲದ, ಹೆಸರು ಕೇಳಿದರೇ ಜನ ಕಲ್ಲು ಎತ್ತಿಕೊಳ್ಳುವ ನಾಯಿಯನ್ನು ಆಚೆ ದಂಡೆಯ ಕಬ್ಬಿನಲ್ಲಿ ಬಿಟ್ಟರೆ ಎಷ್ಟು ದಿನ ಬದುಕೀತು? ಕೈಗೆ ರಕ್ತ ಹತ್ತಬಾರದು ಅಷ್ಟೇ ಇವರಿಗೆ. ಹಾಗಂತ ಅಂದುಕೊಂಡೆ, ಬಾಯಿ ಬಿಟ್ಟು ಹೇಳಲಿಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡಿದ ದಾಖಲೆ ಇರಲಿಲ್ಲ.

ದಿನಗಳು ಎಣಿಸಿದಂತೆ ಕಳೆದವು. ನಾಯಿ ಮಾತ್ರ ಎಂದಿನಂತೆ ಉಂಡು, ಎಂದಿನಂತೆ ನನ್ನ ಕಾಲಿಗೆ ಒರಗುತ್ತಿತ್ತು. ಒಂಬತ್ತನೆಯ ದಿನ ಇಳಿಹೊತ್ತಿಗೆ ನಾನು ರೊಟ್ಟಿ ಮುರಿದು ಹಾಕಿ ಅದರ ಪಕ್ಕ ನಿಂತಿದ್ದೆ. ಮಿರಜಿನ ದೊಡ್ಡತ್ತೆ ಬಂದಿದ್ದರು. ಅವರು ಮೆಟ್ಟಿಲ ಮೇಲಿಂದ ಮಜ್ಜಿಗೆಯ ತಂಬಿಗೆ ಚಾಚಿ ತಮ್ಮ ಎಂದಿನ ಹುಕುಂನ ದನಿಯಲ್ಲಿ "ಹೇ ಧರ!" ಅಂದರು. ಇದನ್ನು ಹಿಡಿ ಅಂತ.

ನಾನು ಕೈ ಚಾಚುವ ಮೊದಲೇ ನನ್ನ ಮುಂಗೈ ನಾಯಿಯ ಬಾಯಲ್ಲಿತ್ತು.

ತಂಬಿಗೆ ಬಿದ್ದು ಮಜ್ಜಿಗೆ ಮೆಟ್ಟಿಲಿಳಿಯಿತು. ಮೆದುಳು ಬೆಳೆದೇಬಿಟ್ಟಿದೆ ಎಂದುಕೊಂಡೆ. ಆದರೆ ನೋವೇ ಇರಲಿಲ್ಲ. ಹಲ್ಲು ತಾಗಿತ್ತು, ಒತ್ತಿರಲಿಲ್ಲ. ನೋಡಿದರೆ ನಾಯಿ ನನ್ನನ್ನು ನೋಡುತ್ತಲೇ ಇಲ್ಲ. ಅದರ ಕಣ್ಣು ದೊಡ್ಡತ್ತೆಯ ಮೇಲಿತ್ತು. ಹಿಡಿದಿದ್ದೇನೆ, ಮುಂದೇನು ಎಂದು ಕೇಳುವ ಹಾಗೆ. ಮೋಟು ಬಾಲ ಖುಷಿಯಿಂದ ಅಲ್ಲಾಡುತ್ತಿತ್ತು. ದೊಡ್ಡತ್ತೆ "ಸೋಡ! ಸೋಡ!" ಎಂದು ಕಿರುಚಿಕೊಂಡರು. ಬಿಡು ಬಿಡು ಎಂದು. ತಕ್ಷಣ ಬಿಟ್ಟು, ಹಿಂದೆ ಸರಿದು, ಕೂತಿತು. ಅದು ಆ ಮನೆಗೆ ಬಂದ ಮೇಲೆ ಒಬ್ಬರ ಮಾತು ಕೇಳಿ ಕೂತದ್ದು ಅದೇ ಮೊದಲು.

ಧರ. ನಾನು ಮಜ್ಜಿಗೆಯಲ್ಲೇ ಕೂತುಬಿಟ್ಟೆ. ಮಿರಜಿನ ಆಚೆ ಇದಕ್ಕೆ ಆದ ಪಾಠವೆಲ್ಲ ಮರಾಠಿಯಲ್ಲಿ ಆಗಿತ್ತು. ಅಂಗಡಿಯ ಕಟ್ಟೆಯ ಮೇಲೆ ದಿನಕ್ಕೆ ನೂರು ಸಲ ಕೇಳುವ ಮಾತು ಯಾವುದು? "ಬೆಲ್ಲದ ದರ ಏನ್ರಿ?" "ಜ್ವಾಳದ ದರ ಎಷ್ಟ್ರಿ?" ನಮ್ಮ ಕಡೆಯ ರೈತರು ದರ ಕೇಳುವುದೆಂದರೆ ಜಗಳಕ್ಕೆ ಬಂದಷ್ಟು ಜೋರು. ಕಂಬದ ಹತ್ತಿರ ನಿಂತು ಗಟ್ಟಿಯಾಗಿ ಕೇಳಿದವರನ್ನು ಅದು ಹಿಡಿದಿದೆ. ಎರಡೂ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಆಡುವ ಆ ಮನೆಯವರ ಕಿವಿಗೆ ಇದು ಹೊಳೆಯಲಿಲ್ಲ. ಮಾವನವರಿಗೆ ದರ ಬೇರೆ, ಧರ ಬೇರೆ. ನನಗೂ ನಾಯಿಗೂ ಎರಡೂ ಒಂದೇ.

ಅತ್ತೆಗೆ ಹೇಳಿದೆ, ನಕ್ಕರು. ಗಂಡನಿಗೆ ಹೇಳಿದೆ, "ನಿಂದೊಂದ ದಾರದ ಕಥಿ" ಅಂದರು. ಮರುದಿನ ಆ ಕಾಗವಾಡದ ರೈತರು ನಾಯಿ ಬದುಕಿದೆಯೋ ಇಲ್ಲವೋ ನೋಡಿ ಹೋಗಲು ಬಂದರು. ಮಾವನವರು ಅವರೆದುರು ಕೈ ಜೋಡಿಸಿ, "ನಾಳೆ ಹೊಳೀ ದಾಟಸತೀವ್ರಿ" ಎನ್ನುವುದು ಒಳಗೆ ಕೇಳಿಸಿತು. ನನ್ನ ಕಾಲು ತಾವಾಗಿಯೇ ಹೊರಗೆ ನಡೆದವು. ತಲೆ ಮೇಲಿನ ಸೆರಗು ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾವನವರ ಮುಖ ಕೆಂಪಾಯಿತು.

"ಒಳಗ ನಡಿ ಬೇ. ನಿಂಗ ಮರಾಠಿ ಎಲ್ಲಿ ಬರತೈತಿ?" ಅಂದರು.

"ಬರೂದಿಲ್ಲಂತನ ತಿಳೀತ್ರಿ ಮಾವ" ಅಂದೆ. ಕಣ್ಣಲ್ಲಿ ನೀರು ಬಂದಿತ್ತು.

ಆ ಹಿರಿಯ ರೈತರು ನನ್ನ ಮುಖ ನೋಡಿದರು. ಆಮೇಲೆ ಹೆಗಲ ಮೇಲಿನ ಟವಲು ತೆಗೆದು, ಪಟ್ಟಿ ಇಲ್ಲದ ಇನ್ನೊಂದು ಕೈಗೆ ಸುತ್ತಿಕೊಳ್ಳತೊಡಗಿದರು. "ತರಸ್ರಿ ನಾಯಿನ್ನ. ಖರೇನೋ ಸುಳ್ಳೋ ನೋಡೇ ಬಿಡೂನು. ಅದು ಕಡ್ಯಾಕಂತ ಬಂದಿದ್ರ ನನ್ನ ಕೈ ಉಳೀತಿತ್ತೇನ್ರಿ?"

ನಾಯಿಯನ್ನು ಕರೆತಂದೆ. ಎಂಟ್ಹತ್ತು ಜನ ಕಟ್ಟೆಯಿಂದ ಕೆಳಗೆ ಹಾರಿ ದೂರ ನಿಂತರು. ರೈತರು ಅದರ ಪಕ್ಕ ನಿಂತು, ಸುಮ್ಮನೆ "ಮಳಿ ಹೆಂಗೈತ್ರಿ?" ಎಂದು ಜೋರಾಗಿ ಕೇಳಿದರು. ನಾಯಿ ಆಕಳಿಸಿತು. "ಬೆಲ್ಲ ಹೆಂಗೈತ್ರಿ?" ಎಂದರು. ಏನೂ ಇಲ್ಲ. ಆಮೇಲೆ, "ದರ ಏನ್ರಿ?"

ಎದ್ದು ಟವಲು ಸುತ್ತಿದ ಕೈ ಹಿಡಿಯಿತು. ಹಿಡಿದು, ಆ ರೈತರ ಮುಖವನ್ನೇ ನೋಡುತ್ತ ಕಾದು ನಿಂತಿತು. ನಾನು "ಸೋಡ" ಅಂದೆ. ಬಿಟ್ಟು ಕೂತಿತು.

ರೈತರು ಟವಲು ಬಿಚ್ಚುತ್ತ, "ಪಾಪ, ಹೇಳಿದ ಕೆಲಸ ಮಾಡೈತ್ರಿ. ಹೇಳಿದಾಂವ ನಾನ" ಅಂದರು. ಮಾವನವರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅವತ್ತಿನಿಂದ ದಾರದ ಸೊಸೆ ಎಂದು ಯಾರಾದರೂ ಕರೆದರೆ ನಗದೆ ಇದ್ದವರು ಅವರೊಬ್ಬರೇ.

ಹೊಳೆ ದಾಟಿಸುವ ಮಾತು ಅಲ್ಲಿಗೆ ನಿಂತಿತು. ಬದಲಿಗೆ ನಮ್ಮ ಅಂಗಡಿಯಲ್ಲಿ 'ದರ' ಎಂಬ ಶಬ್ದಕ್ಕೆ ನಿಷೇಧ ಬಿತ್ತು. ಮಾವನವರೇ ಅದರ ಬದಲು ಮರಾಠಿಯ 'ಭಾವ' ಅನ್ನಬೇಕೆಂದು ಠರಾವು ಮಾಡಿದರು. ಕನ್ನಡದಲ್ಲಿ ಭಾವ ಅಂದರೆ ಅಕ್ಕನ ಗಂಡ. "ಭಾವ ಹೆಂಗದಾನ್ರೀ ಸಾವಕಾರ್ರ?" ಎಂದು ರೈತರು ಬೇಕಂತಲೇ ಕೇಳುವರು. "ಭಾವ ಇವತ್ತ ಸ್ವಲ್ಪ ಇಳದಾನ" ಎಂದು ಮಾವನವರು ಗಂಭೀರವಾಗಿ ಹೇಳುವರು. ತಿಳಿಯದ ಹೊಸಬನೊಬ್ಬ ಬಾಯಿ ತಪ್ಪಿದರೆ ಹಮಾಲರು, "ಸೋಡಾ ಅನ್ರಿ, ಸೋಡಾ ಅನ್ರಿ, ಬಿಡತೈತಿ" ಎಂದು ಕೂಗುವರು. ನಾಯಿಯ ಹಳೆಯ ಕೀರ್ತಿ ಊರಲ್ಲಿ ಹಾಗೇ ಉಳಿಯಿತು, ಕಳ್ಳರಿಗೆ ಅಷ್ಟು ಸಾಕಾಗಿತ್ತು. ನನಗೂ ಅದಕ್ಕೂ ಮಾತ್ರ ಎರಡು ಭಾಷೆಯೂ ನಿಧಾನಕ್ಕೆ ಬಂತು. ಅದು "ಬಾರಲೇ" ಅಂದರೆ ಬರುವುದನ್ನು ಕಲಿಯಿತು, ನಾನು ಧಾರ ಕಾಢ ಅಂದರೆ ಹಾಲು ಕರೆಯುವುದನ್ನು.

ತೊಂಬತ್ತರ ದಶಕ ಬಂತು. ನನ್ನ ಮಕ್ಕಳು ನಾಯಿಯ ಬೆನ್ನು ಹತ್ತಿ ಬೆಳೆದರು. ಅದರ ಮೂತಿ ನರೆಯಿತು, ಹಲ್ಲು ಒಂದೊಂದೇ ಬಿದ್ದವು, ಹಿಂಗಾಲು ಸೋತವು. ಮೆದುಳು ಬೆಳೆದು ಹುಚ್ಚು ಹಿಡಿಯಲಿಲ್ಲ. ಚಳಿಯಲ್ಲಿ ಬಿಸಿಲಿಗೆ, ಬೇಸಿಗೆಯಲ್ಲಿ ನೆರಳಿಗೆ ಸರಿಯುತ್ತ ಕಂಬದ ಬುಡದಲ್ಲಿ ಮಲಗಿರುತ್ತಿತ್ತು. ಸರಪಳಿ ತೆಗೆದು ಎಷ್ಟೋ ವರ್ಷವಾಗಿತ್ತು.

ಒಂದು ದಿನ ರಾಯಬಾಗದ ಕಡೆಯ ಹೊಸ ಗಿರಾಕಿ ಕಟ್ಟೆ ಹತ್ತಿ, ನೇರ ಅದರ ತಲೆಯ ಹತ್ತಿರವೇ ನಿಂತು, "ಅರಿಶಿಣದ ದರ ಏನ್ ನಡದೈತ್ರಿ?" ಎಂದು ಗಟ್ಟಿಯಾಗಿ ಕೇಳಿದ. ಹಮಾಲರು ಚೀಲ ಬಿಟ್ಟು ತಿರುಗಿದರು. ನಾನು ಒಳಗಿನಿಂದ "ಸೋಡ" ಎನ್ನಲು ಬಾಗಿಲಿಗೆ ಓಡಿ ಬಂದೆ. ನಾಯಿ ತಲೆ ಎತ್ತಲಿಲ್ಲ. ಗಿರಾಕಿ ಇನ್ನೊಮ್ಮೆ ಕೇಳಿದ. ಕಿವಿ ಕೂಡ ಅಲ್ಲಾಡಲಿಲ್ಲ.

ಕಿವುಡಾಗಿದೆ ಎಂದು ಆಗ ನಮಗೆ ತಿಳಿಯಿತು. ಎಷ್ಟು ದಿನದಿಂದ ಕಿವುಡೋ, ಹತ್ತು ವರ್ಷ 'ದರ' ಅನ್ನದೆ ಬಾಯಿ ಬಿಗಿಹಿಡಿದಿದ್ದ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

ಮಾವನವರು ಗಾದಿಯಿಂದ ಎದ್ದರು. ಅವರಿಗೂ ಮೊಣಕಾಲು ನೋವು. ಕಂಬ ಹಿಡಿದು ನಿಧಾನಕ್ಕೆ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಬಾಯಿಯನ್ನು ಅದರ ಕಿವಿಗೇ ಹಚ್ಚಿ, ಮರಾಠಿಯವರು ಅನ್ನುವ ಹಾಗೆ, ಸ್ಪಷ್ಟವಾಗಿ, "ಧರ" ಅಂದರು.

ಉಸಿರು ತಾಗಿತೋ, ಕೇಳಿಸಿತೋ. ನಾಯಿ ಕಣ್ಣು ತೆರೆಯಿತು. ನಡುಗುವ ಹಿಂಗಾಲುಗಳ ಮೇಲೆ ಒಂದು ಸಲ ಬಿದ್ದು, ಎರಡನೆಯ ಸಲ ಎದ್ದು ನಿಂತು, ಮಾವನವರ ಮುಂಗೈಯನ್ನು ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಹಿಡಿಯಿತು. ಹಿಡಿದು, ಮುಂದೇನು ಎಂದು ಅವರ ಮುಖ ನೋಡಿತು.

ಗಿರಾಕಿ ದರ ಕೇಳುತ್ತಲೇ ಇದ್ದ. ಮಾವನವರು ಸೋಡ ಅನ್ನಲಿಲ್ಲ. ಕೈಯನ್ನು ಅದರ ಬಾಯಲ್ಲಿ ಹಾಗೇ ಬಿಟ್ಟು ಕೂತಿದ್ದರು.