ನಿಮ್ಮ ಕೈ ನಿಂತಿರಲಿಲ್ಲ

ಹುಸೇನಪ್ಪನವರೇ, ಆ ರಾತ್ರಿ ದೀಪ ಆರಿದ್ದು ನಿಮ್ಮ ಕೈ ಸೋತದ್ದರಿಂದಲ್ಲ. ದೀಪದಲ್ಲೇ ದೋಷವಿತ್ತು. ಅದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಎರಡನೇ ಮಹಾಯುದ್ಧದ ಕಾಲ. ರಾಯಚೂರಿನ ಅಂಗಡಿಗಳಲ್ಲಿ ಬ್ಯಾಟರಿ ಸೆಲ್ಲು ಸಿಗುತ್ತಿರಲಿಲ್ಲ, ಸೀಮೆಎಣ್ಣೆಯೂ ದುರ್ಲಭ. ನೀವು ಟಪಾಲು ಚೀಲ ಹೊತ್ತು, ಕಂದೀಲು ಹಿಡಿದು ರಾತ್ರಿಯಲ್ಲಿ ಮಾನ್ವಿಯಿಂದ ದೇವದುರ್ಗದ ದಾರಿ ಹಿಡಿದು ಓಡುತ್ತಿದ್ದಿರಿ. ನಾನು ಹೈದರಾಬಾದಿನಲ್ಲಿ ವಿಜ್ಞಾನ ಓದಿ ಆಗಷ್ಟೇ ಊರಿಗೆ ಮರಳಿದ್ದೆ. ಸೈಕಲ್ ಡೈನಮೋ ಒಂದಕ್ಕೆ ಹಲ್ಲುಚಕ್ರ, ಹಿಡಿಕೆ ಜೋಡಿಸಿ, ಅಂಗೈಯಲ್ಲಿ ಹಿಸುಕಿದರೆ ಉರಿಯುವ ದೀಪ ಮಾಡಿದೆ. ನಮ್ಮ ಪಡಸಾಲೆಯಲ್ಲಿ ಅದನ್ನು ಕೈಗೆ ಕೊಟ್ಟಾಗ ನೀವು ನಕ್ಕಿರಿ: “ಇದೇನ್ರೀ ಅಕ್ಕಾರ, ಎಮ್ಮಿ ಹಿಂಡಿದಂಗ ಹಿಂಡಬೇಕಲ್ಲ! ಒದಿಯಂಗಿಲ್ಲ, ಅಷ್ಟ ಪುಣ್ಯಾ.”

ಪರೀಕ್ಷೆಗೆಂದು ನೀರಮಾನ್ವಿಯ ತನಕ ಓಡಿ ಬಂದು ಹೇಳಿದಿರಿ: “ನಿಂತು ಹಿಂಡಿದ್ರ ಚಲೋ ಉರಿತದ. ಓಡಾಕತ್ತಿದ್ರ ನಡುನಡುವ ಕಣ್ಣು ಮುಚ್ಚತದ ನೋಡ್ರಿ.”

ನಾನು ಕುರ್ಚಿಯಲ್ಲಿ ಕೂತು ಪರೀಕ್ಷಿಸಿದ್ದ ದೀಪ. ಓಟದ ಕುಲುಕಿಗೆ ಚಕ್ರದ ಹಲ್ಲು ಜಾರುತ್ತಿದೆ ಎಂದು ಆಗಲೇ ಹೊಳೆಯಿತು. ರಾಯಚೂರಿಗೆ ಒಯ್ದು ಬೆಸುಗೆ ಹಾಕಿಸಬೇಕಿತ್ತು. ಆದರೆ ಮರುದಿನವೇ ಟಪಾಲಿನ ಇನ್ಸ್‌ಪೆಕ್ಟರ್ ಸಾಹೇಬರು ನೋಡಲು ಬರುವವರಿದ್ದರು. ಹುಡುಗಿ ಮಾಡಿದ್ದು ಇಷ್ಟೇ ಅಂದಾರು ಎಂಬ — ಇರಲಿ, ಅದನ್ನು ಕಾರಣವೆನ್ನಲಾರೆ.

“ಕೈಗೆ ರೂಢಿ ಇಲ್ಲ, ಅಷ್ಟ. ಕಂದೀಲು ಇನ್ನ ಮನ್ಯಾಗ ಇಡ್ರಿ,” ಅಂದೆ.

ಸಾಹೇಬರೆದುರು ನಿಂತಲ್ಲೇ ಹಿಸುಕಿ ತೋರಿಸಿದೆ. ಮೆಚ್ಚಿದರು. ಅಂದಿನ ರಾತ್ರಿ ನೀವು ಕಂದೀಲು ಬಿಟ್ಟು ಹೋದಿರಿ. ಹಳ್ಳದ ದಂಡೆಯಲ್ಲಿ ದೀಪ ಆರಿ ಬಿದ್ದಿರಿ. ಕಾಲು ಮುರಿಯಿತು, ಚೀಲ ನೀರುಪಾಲಾಯಿತು.

ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. ನಿಮ್ಮ ಅಂಗೈಯ ಗುಳ್ಳೆಗಳು ಒಡೆದಿದ್ದವು — ಬೀಳುವ ತನಕ ಹಿಸುಕುತ್ತಲೇ ಇದ್ದ ಕೈ. ನಾನದನ್ನು ನೋಡಿದೆ. ನೋಡುತ್ತಲೇ ಹೇಳಿದೆ: “ಕೈ ನಿಂತಿರಬೇಕ್ರಿ.”

ನೀವಾದರೂ ಜಗಳಾಡಬಾರದಿತ್ತೆ — ಇಲ್ಲ, ಹಾಗೆ ಕೇಳುವ ಹಕ್ಕೂ ನನಗಿಲ್ಲ. “ಅಕ್ಕಾರು ಕಲಿತವರು, ಸುಳ್ಳ್ಯಾಕ ಹೇಳ್ತಾರ? ನನ್ನ ಕೈನ ನಿಂತಿರಬೇಕು,” ಎಂದಿರಿ. ನಿಮ್ಮ ಕೆಲಸ ಹೋಯಿತು.

ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಹೋದ ವಾರ ಮಾನ್ವಿ ಸಂತೆಯಲ್ಲಿ ನಿಮ್ಮ ಸೊಸೆ ಕೂಸನ್ನು ನಿಮ್ಮತ್ತ ಚಾಚಿದಳು. “ಬ್ಯಾಡವ್ವಾ, ಈ ಕೈ ನಂಬಂಗಿಲ್ಲ,” ಎಂದು ಹಿಂದೆ ಸರಿದಿರಿ. ಬಳೆಗಾರನ ಅಂಗಡಿಯ ಮಗ್ಗುಲಲ್ಲೇ ನಾನಿದ್ದೆ. ಸೆರಗು ಎಳೆದುಕೊಂಡು ಮನೆಯ ದಾರಿ ಹಿಡಿದೆ.

ದೀಪ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಬೆಸುಗೆ ಹಾಕಿಸಿಲ್ಲ. ನಾಳೆ ಸಂಜೆ ಹಿರೇಕೊಟ್ನೆಕಲ್ಲಿನ ನಿಮ್ಮ ಮನೆಗೆ ತರುತ್ತೇನೆ. ನಿಮ್ಮ ಓಣಿಯವರನ್ನೆಲ್ಲ ಕರೆಯಿರಿ. ಹಿಸುಕುತ್ತ ನಾನೇ ಓಡುತ್ತೇನೆ — ಸೀರೆ ಎತ್ತಿ ಕಟ್ಟಿ, ಎಲ್ಲರೆದುರು. ನನ್ನ ಕೈ ನಿಲ್ಲದಿದ್ದರೂ ಅದು ಆರುವುದನ್ನು ಅವರು ನೋಡಲಿ. ನೀವೂ ನೋಡಿ.

ಆಮೇಲಾದರೂ ಆ ಕೂಸನ್ನು ಎತ್ತಿಕೊಳ್ಳಿ.