ಆರನೆಯ ಕ್ವಾರ್ಕು ಮತ್ತು ಕಾಕುವಿನ ಒಡಪು

ನಮ್ಮ ಶಾಂತಾ ಕಾಕು ಗಂಡನ ಹೆಸರು ಹೇಳಿದರೆ ಜೊತೆಗೆ ಫಿಸಿಕ್ಸೂ ಬರುತ್ತದೆ. ನಂಬಿಕೆ ಬರಲಿಲ್ಲವೇ?

ಸಂಕ್ರಾಂತಿಗೆ ತಾರ್ನಾಕದ ನಮ್ಮ ಮನೆಯಲ್ಲಿ ಅರಿಷಿಣ-ಕುಂಕುಮ. ಒಡಪು ಹೇಳದೆ, ಅಂದರೆ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳದೆ, ಯಾರಿಗೂ ಬಿಡುಗಡೆಯಿಲ್ಲ. (ಫೆಮಿನಿಸ್ಟ್ ಗೆಳತಿಯರೇ, ಜಗಳ ಆಮೇಲೆ.) ಮದುವೆಯಾದಾಗಿನಿಂದ ಕಾಕುವಿನದು ಒಂದೇ ಒಡಪು, ತಾವೇ ಕಟ್ಟಿದ್ದು:

“ಅಣುವಿನ ಒಳಗ ಕ್ವಾರ್ಕು, ಅದರಾಗ ಜಾತಿ ಐದು,
ಬಸವರಾಜರ ಕೈ ಹಿಡಿದೆ, ಎಂಎಸ್ಸಿ ಓದು ಮುಗಿದು.”

ಎಂದಿನಂತೆ ಚಪ್ಪಾಳೆ ತಟ್ಟಿದೆವು. ಮೇಲಿನ ಫ್ಲಾಟಿಗೆ ಹೊಸದಾಗಿ ಬಂದ ಮೈಸೂರಿನ ಮೇಘನಾ ಮಾತ್ರ ಕ್ವಾರ್ಕು ಎಂದರೇನು ಎಂದು ಕೇಳಿಬಿಟ್ಟಳು. ಇಷ್ಟು ವರ್ಷ ನಮಗ್ಯಾಕೆ ಈ ಪ್ರಶ್ನೆ ಹೊಳೆದಿರಲಿಲ್ಲ? ಮೊಬೈಲ್ ತೆಗೆದೆ. ಅಣುವನ್ನು ಒಡೆಯುತ್ತ ಹೋದರೆ ಕೊನೆಗೆ ಸಿಗುವ ಕಣವಂತೆ. ಅಲ್ಲಿಗೇ ಸುಮ್ಮನಿರಬೇಕಿತ್ತು. ಎಷ್ಟು ಬಗೆ ಗೊತ್ತಿವೆ ಎಂದೂ ಹುಡುಕಿದೆ.

“ಐದಲ್ಲ ಕಾಕು, ಆರು ಅದಾವಂತ.”

ಕಾಕು ಕುಂಕುಮದ ಬಟ್ಟಲು ಕೆಳಗಿಟ್ಟರು. ಅವರ ಓದಿನದು ಅಂತ ಉಳಿದಿರುವುದು ಆ ಒಡಪೊಂದೇ. ಅದನ್ನೂ ತಪ್ಪು ಎಂದುಬಿಟ್ಟೆನಲ್ಲ ಎಂದು ನನಗೆ ಸಂಕಟವಾಯಿತು.

“ಟಾಪ್ ಸಿಕ್ತೇನು? ಯಾವಾಗ?” ಎಂದರು.

ಅವರು ಓದುವಾಗ ಐದು ಸಿಕ್ಕಿದ್ದವಂತೆ. ಆರನೆಯದು ಇರಲೇಬೇಕೆಂದು ಟಾಪ್ ಎಂಬ ಹೆಸರಿಟ್ಟು ಹುಡುಕುತ್ತಿದ್ದರಂತೆ. (ಹುಟ್ಟುವ ಮೊದಲೇ ನಾಮಕರಣ!) ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ. ಕಾಕು ಮಕ್ಕಳ ಟಿಫಿನ್ ಡಬ್ಬಿ ಕಟ್ಟುತ್ತಿದ್ದ ಕಾಲ.

ಅದು ಭಾಳ ಭಾರ ಇರಬೇಕು, ಅದಕ್ಕೇ ತಡವಾಗಿದೆ ಎಂದರು ಕಾಕು. ನೋಡಿದೆ. ಹೌದು, ಹೆಚ್ಚುಕಡಿಮೆ ಚಿನ್ನದ ಒಂದು ಪರಮಾಣುವಿನಷ್ಟು ಭಾರ.

ಬಂದ ಹೆಂಗಸರು ಕುಂಕುಮಕ್ಕೆ ಕಾಯುತ್ತಿದ್ದರು. ಕಾಕು ನನ್ನ ಮೊಬೈಲ್ ಕಸಿದುಕೊಂಡು ಸೋಫಾದ ಮೂಲೆ ಹಿಡಿದಿದ್ದರು. ಹೇಗೆ ಕಂಡುಹಿಡಿದರು? ಏಳನೆಯದನ್ನೂ ಹುಡುಕುತ್ತಿದ್ದಾರಾ? ಕಾಕು ಇಷ್ಟು ಪ್ರಶ್ನೆ ಕೇಳಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಅವರನ್ನು ಕರೆದೊಯ್ಯಲು ಬಸವರಾಜ ಕಾಕಾ ಬಂದರು. ಕಾಲೇಜಿನಲ್ಲಿ ಇದೇ ಫಿಸಿಕ್ಸ್ ಕಲಿಸಿ ನಿವೃತ್ತರಾದವರು. ಪ್ರತಿ ಸಂಕ್ರಾಂತಿಗೂ ಒಡಪು ಕೇಳಿ ಮೀಸೆಯಲ್ಲೇ ನಗುವವರು.

ಕಾಕು ತಲೆ ಎತ್ತಿದರು. “ನಿಮಗ ಗೊತ್ತಿತ್ತಲ್ಲರಿ, ಆರು ಅಂತ?”

“ಒಡಪು ಛಲೋ ಇತ್ತಲ್ಲ,” ಎಂದರು ಕಾಕಾ. “ಪ್ರಾಸ ಕೆಡತಿತ್ತು.”

ನೀವೇ ಹೇಳಿ, ಕೆಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?